ಹತ್ತಿ ಹುಳಕ್ಕೆ ವಿಷ ರೂಢಿಯಾಗುತ್ತದೆಯೇ?

ಪ್ರಶ್ನೆ: ಬಿಟಿ ಹತ್ತಿ ಹೊಸದಾಗಿ ಬಂದಾಗ ಕಾಯಿಕೊರಕದ ಕಾಟ ಇರಲಿಲ್ಲ. ಈಗ ಗುಲಾಬಿ ಹುಳ ಕಾಯೊಳಗ ಕುಂತು ಆರಾಮ ತಿಂತದ. ಹುಳಕ್ಕ ವಿಷ ರೂಢಿ ಆಗ್ಯದೇನ್ರೀ?
– ಮಾನ್ವಿ ಕಡೆಯ ರೈತರೊಬ್ಬರು

ಉತ್ತರ: ರಾಯಚೂರು, ಕೊಪ್ಪಳ, ಬಳ್ಳಾರಿಯ ಎರೆಹೊಲಗಳಲ್ಲಿ ಹತ್ತಿ ಹಾಕಿದವರು ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆ ಇದು. ರೂಢಿ ಆಗಿಲ್ಲ. ಒಂದೇ ಒಂದು ಹುಳಕ್ಕೂ ಆಗಿಲ್ಲ. ಆದರೆ ಹುಳಗಳ ಸಂತತಿ ಬದಲಾಗಿದೆ. ಎರಡೂ ಮಾತು ಒಂದಕ್ಕೊಂದು ಹೊಂದುವುದಿಲ್ಲ ಅನ್ನಿಸುತ್ತದೆ, ಅಲ್ವಾ?

ದಿನಾ ಕುಡಿಯುವವನಿಗೆ ಮೊದಲು ಒಂದು ಕ್ವಾರ್ಟರ್ ಸಾಕಿತ್ತು, ಈಗ ಎರಡು ಬೇಕು. ಇದು ರೂಢಿ. ಅವನೊಬ್ಬನ ಮೈಯಲ್ಲಿ ಆದ ಬದಲಾವಣೆ. ಅವನ ಮಗ ಹುಟ್ಟುತ್ತಲೇ ಆ ತಾಕತ್ತು ಹೊತ್ತುಕೊಂಡು ಬರುವುದಿಲ್ಲ. ಹುಳದ ಕಥೆ ಬೇರೆಯೇ. ಬಿಟಿ ಗಿಡ ತಿಂದ ಮರಿಹುಳಕ್ಕೆ ರೂಢಿ ಮಾಡಿಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಬಿಟಿ ಅಂದರೆ ಇದೇ) ಎಂಬ ಬ್ಯಾಕ್ಟೀರಿಯಾದ ಜೀನ್ ಅನ್ನು ಹತ್ತಿಗೆ ಸೇರಿಸಿದ್ದಾರೆ. ಅದರಿಂದ ಗಿಡವೇ ಒಂದು ಪ್ರೋಟೀನ್ ತಯಾರಿಸುತ್ತದೆ. ಅದು ಹುಳದ ಕರುಳಿನ ಗೋಡೆಗೆ ಅಂಟಿಕೊಂಡು ತೂತು ಮಾಡುತ್ತದೆ. ಹುಳ ಮೇಯುವುದು ಬಿಟ್ಟು ಸಾಯುತ್ತದೆ.

ಆದರೆ ಒಂದು ಸೀಮೆಯಲ್ಲಿ ಕೋಟಿಗಟ್ಟಲೆ ಹುಳ ಇರುತ್ತವೆ, ಎಲ್ಲವೂ ಒಂದೇ ಅಚ್ಚಿನವಲ್ಲ. ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಜೀನ್ ನಕಲಾಗುವಾಗ ಅಲ್ಲೊಂದು ಇಲ್ಲೊಂದು ತಪ್ಪು ಆಗುತ್ತಲೇ ಇರುತ್ತದೆ. ಹೆಚ್ಚಿನವು ಉಪಯೋಗಕ್ಕೆ ಬಾರದ ತಪ್ಪುಗಳು. ಎಲ್ಲೋ ಕೆಲವು ಹುಳಗಳಲ್ಲಿ ಮಾತ್ರ ಕರುಳಿನ ಕ್ಯಾಡ್‌ಹೆರಿನ್ ಎಂಬ ಪ್ರೋಟೀನು ಬೇರೆ ರೂಪದಲ್ಲಿರುತ್ತದೆ. ಬಿಟಿ ವಿಷ ಅಂಟಿಕೊಳ್ಳುವುದು ಅಲ್ಲಿಗೇ. ರೂಪ ಬೇರೆಯಾದರೆ ವಿಷಕ್ಕೆ ಹಿಡಿತ ಸಿಗುವುದಿಲ್ಲ. ಬಿಟಿ ಇಲ್ಲದ ಕಾಲದಲ್ಲಿ ಇಂಥ ಹುಳಕ್ಕೆ ಇದರಿಂದ ಲಾಭವೇನೂ ಇರಲಿಲ್ಲ. ಬಿಟಿ ಬಂದ ಮೇಲೆ ಉಳಿದವೆಲ್ಲ ಸತ್ತು, ಇವು ಬದುಕಿದವು. ಬದುಕಿದವು ತಮ್ಮೊಳಗೇ ಕೂಡಿ ಮೊಟ್ಟೆ ಇಟ್ಟವು, ಮರಿಗಳಿಗೂ ಅದೇ ಕರುಳು ಬಂತು. ಬಿಸಿಲು ಸೀಮೆಯಲ್ಲಿ ಸುಮಾರು ಒಂದು ತಿಂಗಳಿಗೆ ಒಂದು ತಲೆಮಾರು. ಲೆಕ್ಕ ನೀವೇ ಹಾಕಿ.

ನಿಸರ್ಗದ ಆಯ್ಕೆ ಅಂದರೆ ಇಷ್ಟೇ. ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಇದನ್ನು ಪುಸ್ತಕವಾಗಿ ಬರೆದಾಗ, ಇದು ಕಣ್ಣಿಗೆ ಕಾಣದಷ್ಟು ನಿಧಾನ ಅಂದುಕೊಂಡಿದ್ದರು. ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿದ್ದು 2002ರಲ್ಲಿ. 2008ರ ಹೊತ್ತಿಗೆ ಗುಜರಾತಿನ ಹೊಲಗಳ ಗುಲಾಬಿ ಹುಳಗಳು ಆ ವಿಷ ತಿಂದೂ ಬದುಕುತ್ತಿದ್ದವು. ಅಷ್ಟರಲ್ಲಿ, 2006ರಲ್ಲೇ, ಎರಡು ಬಿಟಿ ಜೀನ್ ಸೇರಿಸಿದ ಬೀಜ ಬಂದಿತ್ತು. ಹತ್ತು ವರ್ಷ ತುಂಬುವಷ್ಟರಲ್ಲಿ ಅದನ್ನೂ ದಾಟಿದವು. ಪಾಪ, ಡಾರ್ವಿನ್ ನೋಡಿದ್ದರೆ ಖುಷಿಪಡುತ್ತಿದ್ದರೋ ಏನೋ. ರೈತನಿಗಂತೂ ಖುಷಿಪಡುವ ವಿಷಯ ಅಲ್ಲ.

"ಬದಲಾವಣೆ ಮೊದಲೇ ಇತ್ತು ಅಂತೀರಲ್ಲ, ನೋಡಿದವರು ಯಾರು?" ಅಂತ ಕೇಳಬಹುದು. ಸರಿಯಾದ ಪ್ರಶ್ನೆ. 1952ರಲ್ಲಿ ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ ದಂಪತಿ ಇದನ್ನು ಬ್ಯಾಕ್ಟೀರಿಯಾದಲ್ಲಿ ತೋರಿಸಿದರು. ಒಂದು ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾದ ಮೇಲೆ ಮಖಮಲ್ಲಿನ ಬಟ್ಟೆ ಒತ್ತಿ, ಅದೇ ಬಟ್ಟೆಯನ್ನು ಔಷಧಿ ಬೆರೆಸಿದ ಬೇರೆ ಬೇರೆ ತಟ್ಟೆಗಳ ಮೇಲೆ ಒತ್ತಿದರು. ಬದುಕಿದ ಚುಕ್ಕೆಗಳು ಎಲ್ಲ ತಟ್ಟೆಯಲ್ಲೂ ಒಂದೇ ಜಾಗದಲ್ಲಿ ಎದ್ದವು. ಔಷಧಿಯೇ ಅವನ್ನು ಬದಲಿಸಿದ್ದರೆ ಪ್ರತಿ ತಟ್ಟೆಯಲ್ಲೂ ಬೇರೆ ಬೇರೆ ಜಾಗದಲ್ಲಿ ಏಳಬೇಕಿತ್ತು. ಅಂದರೆ ಮೂಲ ತಟ್ಟೆಯ ಆ ಜಾಗದಲ್ಲೇ, ಔಷಧಿಯ ಮುಖವನ್ನೇ ನೋಡದ, ತಡೆದುಕೊಳ್ಳಬಲ್ಲ ಜೀವಿಗಳಿದ್ದವು.

ಈಗ ನಮ್ಮ ಸೀಮೆಗೆ ಬರೋಣ. ಹಸಿರು ಕಾಯಿಕೊರಕವೂ ಬಿಟಿ ಹತ್ತಿಗೆ ಬರುತ್ತದೆ. ಅದು ಯಾಕೆ ಗುಲಾಬಿ ಹುಳದಷ್ಟು ಬೇಗ ದಾಟಲಿಲ್ಲ? ಅದು ತೊಗರಿ, ಕಡಲೆ, ಟೊಮೆಟೊ ಎಲ್ಲವನ್ನೂ ತಿನ್ನುತ್ತದೆ. ರಾಯಚೂರು, ಕೊಪ್ಪಳದಲ್ಲಿ ಹತ್ತಿ ಹೊಲದ ಪಕ್ಕದಲ್ಲೇ ತೊಗರಿ, ಹಿಂಗಾರಿಗೆ ಕಡಲೆ ಇರುತ್ತವೆ. ಅಲ್ಲಿ ವಿಷವೇ ಇಲ್ಲ. ಹಾಗಾಗಿ ಸಾಧಾರಣ ಹುಳಗಳೂ ಲೆಕ್ಕವಿಲ್ಲದಷ್ಟು ಬದುಕಿರುತ್ತವೆ. ಹತ್ತಿಯಲ್ಲಿ ವಿಷ ತಡೆದು ಉಳಿದ ಗಟ್ಟಿ ಹುಳ ಬೆಳೆದು ಪತಂಗವಾದಾಗ ಅದಕ್ಕೆ ಜೋಡಿ ಸಿಗುವುದು ಹೆಚ್ಚಾಗಿ ಇವೇ. ತಾಯಿ, ತಂದೆ ಇಬ್ಬರಿಂದಲೂ ಬದಲಾದ ಜೀನ್ ಬಂದರೆ ಮಾತ್ರ ಪೂರ್ತಿ ತಡೆ. ಒಬ್ಬರಿಂದ ಬಂದರೆ ಸಾಮಾನ್ಯವಾಗಿ ಸಾಲುವುದಿಲ್ಲ, ಮರಿ ಹತ್ತಿ ತಿಂದು ಸಾಯುತ್ತದೆ. ಗುಲಾಬಿ ಹುಳಕ್ಕೆ ನಮ್ಮಲ್ಲಿ ಹೆಚ್ಚುಕಡಿಮೆ ಹತ್ತಿಯೊಂದೇ ಊಟ. ಊರಿಗೆ ಊರೇ ಬಿಟಿ ಹಾಕಿದ ಮೇಲೆ ಗಟ್ಟಿ ಹುಳಕ್ಕೆ ಗಟ್ಟಿ ಹುಳವೇ ಜೋಡಿ. ಅದರ ಮೇಲೆ ಕಾಲುವೆ ನೀರು ಸಿಗುತ್ತದೆ ಅಂತ ಹತ್ತಿಯನ್ನು ಫೆಬ್ರವರಿ, ಮಾರ್ಚ್‌ವರೆಗೂ ಬಿಟ್ಟರೆ ಒಂದೆರಡು ತಲೆಮಾರು ಜಾಸ್ತಿಯೇ ಆಗುತ್ತವೆ.

ಇದನ್ನು ತಡೆಯಲೆಂದೇ ಬೀಜದ ಪೊಟ್ಟಣದ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜ ಕೊಡುತ್ತಿದ್ದರು. ಹೊಲದ ಸುತ್ತ ಹಾಕಿ ಅನ್ನುತ್ತಿದ್ದರು. ಹೆಚ್ಚಿನವರು ಹಾಕಲಿಲ್ಲ. ಇದಕ್ಕೆ ರೈತರನ್ನೇ ಬೈಯುವುದು ನನಗೆ ಸರಿ ಕಾಣುವುದಿಲ್ಲ. ಮೂರು ಎಕರೆಯವನಿಗೆ "ಒಂದಷ್ಟು ಸಾಲು ಹುಳಕ್ಕೆ ಬಿಡು" ಅಂದರೆ, ಯಾಕೆ ಅಂತ ಕೂತು ಹೇಳಿದವರು ಎಷ್ಟು ಜನ? ಅಮೆರಿಕದ ಅರಿಝೋನಾದಲ್ಲಿ 1996ರಿಂದ ಬಿಟಿ ಹತ್ತಿ ಇದೆ. ಅಲ್ಲಿ ಬಿಟಿ ಅಲ್ಲದ ಹತ್ತಿಯನ್ನು ಕಡ್ಡಾಯವಾಗಿ ಉಳಿಸಿಕೊಂಡರು. 2006ರಿಂದ, ಕೂಡಿದರೂ ಮರಿಯಾಗದ ಬಂಜೆ ಪತಂಗಗಳನ್ನು ಹೊಲಕ್ಕೆ ಬಿಟ್ಟರು. 2018ರಲ್ಲಿ ಅಮೆರಿಕದ ಹತ್ತಿಯಲ್ಲಿ ಗುಲಾಬಿ ಹುಳ ಇಲ್ಲವಾಯಿತು ಎಂದು ಸರ್ಕಾರವೇ ಘೋಷಿಸಿತು. ಹುಳದ ಜಾತಿ ಒಂದೇ, ವಿಷವೂ ಅದೇ. ನಮ್ಮಲ್ಲೀಗ ಪೊಟ್ಟಣದ ಒಳಗೇ ಶೇಕಡಾ 5ರಷ್ಟು ಬಿಟಿ ಅಲ್ಲದ ಬೀಜ ಬೆರೆಸುವ ಪದ್ಧತಿ ಬಂದಿದೆ.

ಹುಳ ಕಾಣಿಸಿದ ಕೂಡಲೇ ಎಣ್ಣೆ, ಅಂದರೆ ಕೀಟನಾಶಕ, ಡಬಲ್ ಹೊಡೆಯುವವರಿಗೆ ಒಂದು ಮಾತು. ಗುಲಾಬಿ ಹುಳ ಕಾಯೊಳಗೆ ಇರುತ್ತದೆ, ಎಣ್ಣೆ ಅದಕ್ಕೆ ತಾಗುವುದೇ ಕಡಿಮೆ. ಒಂದೇ ಗುಂಪಿನ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಅಲ್ಲಿಯೂ ಇದೇ ಆಯ್ಕೆ ಶುರುವಾಗುತ್ತದೆ. ಅದಕ್ಕಿಂತ ಹೂ ಬಿಡುವ ಮೊದಲೇ ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಬಲೆ) ಕಟ್ಟಿ ಗಂಡು ಪತಂಗ ಎಷ್ಟು ಬೀಳುತ್ತವೆ ನೋಡಿ. ಗುಲಾಬಿಯಂತೆ ಮುದುಡಿದ ಹೂ ಕಂಡರೆ ಕಿತ್ತು ನಾಶಮಾಡಿ. ಡಿಸೆಂಬರ್, ಜನವರಿಗೆ ಬೆಳೆ ಮುಗಿಸಿ. ಹತ್ತಿ ಕಟ್ಟಿಗೆಯನ್ನು ಒಲೆಗೆಂದು ಹಿತ್ತಿಲಲ್ಲಿ ಒಟ್ಟಬೇಡಿ. ಅದರಲ್ಲಿ ಉಳಿದ ಒಣಕಾಯಿಯೊಳಗೆ ಹುಳ ಮುಂದಿನ ಮುಂಗಾರಿನವರೆಗೂ ಸುಮ್ನೆ ಮಲಗಿರುತ್ತದೆ.