ಕೆಂಪಿನೊಳಗೆ ಕೋಪವಿಲ್ಲ

ಕೆಂಪು ಕೋಪವನ್ನು, ನೀಲಿ ಶಾಂತಿಯನ್ನು, ಹಳದಿ ಉಲ್ಲಾಸವನ್ನು ಹುಟ್ಟಿಸುತ್ತದೆ ಎಂಬ ನಂಬಿಕೆ ಎಷ್ಟು ಬೇರೂರಿದೆಯೆಂದರೆ, ಗುರುತಿಸಬಲ್ಲ ವಸ್ತುಗಳಿಲ್ಲದ ಅಮೂರ್ತ ಚಿತ್ರದ ಮುಂದೆ ನಿಂತ ಅನೇಕರು ಮೊದಲು ಆ ಪಟ್ಟಿಯನ್ನೇ ನೆನೆಯುತ್ತಾರೆ. 1979ರಲ್ಲಿ ಅಮೆರಿಕದ ಸಿಯಾಟಲ್‌ನ ನೌಕಾಪಡೆ ಸೆರೆಮನೆಯ ಕೋಣೆಯೊಂದಕ್ಕೆ ಗುಲಾಬಿ ಬಣ್ಣ ಬಳಿದು, ಕೈದಿಗಳು ಶಾಂತರಾದರೆಂದು ಸಾರಲಾಯಿತು. ಆಮೇಲೆ ಕಟ್ಟುನಿಟ್ಟಾಗಿ ನಡೆಸಿದ ಪ್ರಯೋಗಗಳಲ್ಲಿ ಆ ಪರಿಣಾಮ ಕಾಣಲಿಲ್ಲ. ಹಾಗಿದ್ದರೂ ಪಟ್ಟಿ ಅಳಿದಿಲ್ಲ. ಕೆಂಪನ್ನು ಜನ ಸಿಟ್ಟಿಗೂ ಪ್ರೀತಿಗೂ ಒಟ್ಟಿಗೇ ಜೋಡಿಸುತ್ತಾರೆ ಎಂಬುದೊಂದೇ ಅದನ್ನು ಸಂಶಯಿಸಲು ಸಾಕಾಗಿತ್ತು.

ನಿಜವಾಗಿ ನಡೆಯುವುದು ಇದಕ್ಕಿಂತ ಎಷ್ಟೋ ಸೊಗಸಾದದ್ದು. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆಶಾಲೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಷೆವ್ರೊಲ್‌ನಿಗೆ, ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂದಿತ್ತು. ಪರೀಕ್ಷಿಸಿದಾಗ ನೂಲಿನ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆ ನೂಲುಗಳು ಅದರ ಕಪ್ಪನ್ನು ಕುಂದಿಸುತ್ತಿದ್ದವು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುತ್ತವೆ ಎಂಬ ಈ ನಿಯಮವನ್ನು ಅವನು 1839ರಲ್ಲಿ ಗ್ರಂಥವಾಗಿ ಪ್ರಕಟಿಸಿದನು.

ಇದರ ಕಾರಣ ಕಣ್ಣಿನಲ್ಲೇ ಆರಂಭವಾಗುತ್ತದೆ. ಅಕ್ಷಿಪಟಲದಲ್ಲಿ ಬಣ್ಣವನ್ನು ಗ್ರಹಿಸುವ ಮೂರು ಬಗೆಯ ಶಂಕುಕೋಶಗಳ ಸಂಕೇತಗಳು ಮಿದುಳಿಗೆ ಹಾಗೆಯೇ ಸಾಗುವುದಿಲ್ಲ. ಕೆಂಪಿಗೆ ಎದುರಾಗಿ ಹಸಿರು, ನೀಲಿಗೆ ಎದುರಾಗಿ ಹಳದಿ, ಬೆಳಕಿಗೆ ಎದುರಾಗಿ ಕತ್ತಲೆ ಎಂಬ ವ್ಯತ್ಯಾಸಗಳಾಗಿ ಸಾಗುತ್ತವೆ. ಪ್ರತಿ ಬಿಂದುವನ್ನೂ ಅದರ ನೆರೆಯೊಂದಿಗೆ ಹೋಲಿಸಿಯೇ ಅಳೆಯುವುದರಿಂದ, ಕೆಂಪಿನ ನಡುವೆ ಇಟ್ಟ ಬೂದು ಚೌಕ ಹಸಿರು ಛಾಯೆ ತಾಳುತ್ತದೆ. ಆಧಾರ ಶ್ರುತಿ ಬದಲಾದೊಡನೆ ಅದೇ ನಾದ ಬೇರೊಂದು ಸ್ವರವಾಗಿ ಕೇಳಿಸುವುದಿಲ್ಲವೇ, ಇದೂ ಹಾಗೆಯೇ.

ಎಲೆಯನ್ನೋ ಆಕಾಶವನ್ನೋ ಬರೆದಿದ್ದರೆ ಅದರ ಬಣ್ಣ ಹೀಗಿರಬೇಕೆಂದು ಮಿದುಳು ಮೊದಲೇ ಊಹಿಸಿಕೊಳ್ಳುತ್ತದೆ. ಅಮೂರ್ತ ಚಿತ್ರದಲ್ಲಿ ಆ ಆಸರೆಯಿಲ್ಲ, ಬಣ್ಣಗಳ ನಡುವಿನ ಸಂಬಂಧವೇ ಎಲ್ಲವೂ ಆಗುತ್ತದೆ. ಹಳದಿ ನೋಡುಗನತ್ತ ನುಗ್ಗುತ್ತದೆ, ನೀಲಿ ಹಿಂದೆ ಸರಿಯುತ್ತದೆ ಎಂದು ಅಮೂರ್ತ ಚಿತ್ರಕಲೆಯ ಮೊದಲಿಗರಲ್ಲೊಬ್ಬನಾದ ಕ್ಯಾಂಡಿನ್‌ಸ್ಕಿ ಬರೆದಾಗ ಅವನು ಗುರುತಿಸಿದ್ದು ಇಂಥ ಸೆಳೆತವನ್ನೇ ಎಂದು ನನ್ನ ಎಣಿಕೆ. ಭಾವದ ಏರಿಳಿತಕ್ಕೆ ವರ್ಣದ ಹೆಸರಿಗಿಂತ ಅದರ ಗಾಢತೆ ಮತ್ತು ಹೊಳಪೇ ಹೆಚ್ಚು ಕಾರಣವೆಂದು ಮನೋವಿಜ್ಞಾನದ ಪ್ರಯೋಗಗಳೂ ತೋರಿಸಿವೆ.

ಅಮೆರಿಕದ ಅಮೂರ್ತ ಚಿತ್ರಕಾರ ಮಾರ್ಕ್ ರಾತ್ಕೊ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆಂದು ರಚಿಸಿದ ಭಿತ್ತಿಚಿತ್ರಗಳನ್ನು 1964ರಲ್ಲಿ ಅಲ್ಲಿ ಅಳವಡಿಸಲಾಯಿತು. ಅವುಗಳಲ್ಲಿದ್ದ ಲಿಥಾಲ್ ಕೆಂಪು ಎಂಬ ವರ್ಣದ್ರವ್ಯ ಬಿಸಿಲಿಗೆ ಮಾಸಿ, ಕಡುಗೆಂಪಿನ ಹರಹು ತಿಳಿನೀಲಿಯತ್ತ ತಿರುಗಿತು. 2014ರಲ್ಲಿ ಸಂರಕ್ಷಕರು ಕ್ಯಾನ್ವಾಸಿಗೆ ಹೊಸ ಬಣ್ಣ ಬಳಿಯದೆ, ಕಳೆದುಹೋದ ಛಾಯೆಯನ್ನು ಬಿಂದುಬಿಂದುವಾಗಿ ಲೆಕ್ಕಹಾಕಿದ ಬಣ್ಣದ ಬೆಳಕನ್ನು ಪ್ರೊಜೆಕ್ಟರ್‌ನಿಂದ ಹಾಯಿಸಿದರು. ಆಕೃತಿಗಳು ಮಾಸಿದ ಚಿತ್ರದಲ್ಲೂ ಹಾಗೆಯೇ ಇದ್ದವು. ಬೆಳಕು ಮರಳಿ ತಂದದ್ದು ಆಕೃತಿಗೂ ಹಿನ್ನೆಲೆಗೂ ನಡುವೆ ಮೊದಲಿದ್ದ ವರ್ಣವ್ಯತ್ಯಾಸವನ್ನು.