ಗರ್ಬರ್ ಕೊಟ್ಟರೆ ಪ್ರಾಜೆಕ್ಟ್ ಕೊಟ್ಟ ಹಾಗಲ್ಲ

"ಗರ್ಬರ್ ಫೈಲ್ ಉಂಟಲ್ಲ ಸರ್, ಮತ್ತೆಂತ ಬೇಕು?" ಸುರತ್ಕಲ್, ಮಣಿಪಾಲದ ವಿದ್ಯಾರ್ಥಿಗಳು, ತೋಟದ ಪಂಪಿಗೆ ತಾವೇ ಕಂಟ್ರೋಲರ್ ಮಾಡಿಕೊಳ್ಳುವ ಕಾರ್ಕಳ ಕಡೆಯ ಕೃಷಿಕರು, ಎಲ್ಲರದ್ದೂ ಇದೇ ಮಾತು. ಸರ್ಕ್ಯೂಟ್ ಬೋರ್ಡ್ (ಪಿಸಿಬಿ) ಮಾಡಿಸಲು ಫ್ಯಾಕ್ಟರಿಗೆ ಕೊಡುವ ಫೈಲೇ ಗರ್ಬರ್. ಯಾರೋ ಹಂಚಿದ ಅಂಥ ಜಿಪ್ ಫೈಲಿನಿಂದ ಪಿಸಿಬಿ ಮಾಡಿಸಿ, ಪಾರ್ಟ್ಸ್ ಬೆಸುಗೆ ಹಾಕಿರುತ್ತಾರೆ. ನಡೆಯದಿದ್ದರೆ ನನ್ನ ಮೇಜಿಗೆ ಬರುತ್ತದೆ.

ಗರ್ಬರ್‌ನಲ್ಲಿ ಇರುವುದು ಚಿತ್ರ. ತಾಮ್ರ ಎಲ್ಲಿ ಉಳಿಯಬೇಕು, ಹಸಿರು ಲೇಪ ಎಲ್ಲಿ ಬೇಡ, ಬಿಳಿ ಅಕ್ಷರ ಎಲ್ಲಿ ಬರಬೇಕು, ಇಷ್ಟೇ. ಫ್ಯಾಕ್ಟರಿಗೆ ಅದೂ, ತೂತು ಎಲ್ಲೆಲ್ಲಿ ಅಂತ ಹೇಳುವ ಡ್ರಿಲ್ ಫೈಲೂ ಸಾಕು. ಆದರೆ ಆರ್3 ಎಂಬ ರೆಸಿಸ್ಟರ್ ಎಷ್ಟು ಓಮ್, ಕ್ಯೂ1 ಯಾವ ಟ್ರಾನ್ಸಿಸ್ಟರ್, ಆ ಡಯೋಡ್ ಅಲ್ಲಿ ಯಾಕಿದೆ? ಬೋರ್ಡಿನ ಮೇಲೆ ಅಚ್ಚಾಗದಿದ್ದರೆ ಗೊತ್ತಾಗುವುದಿಲ್ಲ. ಹೊಸ ಎಕ್ಸ್2 ಗರ್ಬರ್‌ನಲ್ಲಿ ಇನ್ನಷ್ಟು ಮಾಹಿತಿ ಸೇರಿಸಬಹುದು ನಿಜ. ಅದೂ ಸರ್ಕ್ಯೂಟ್ ಡಯಾಗ್ರಮ್ ಆಗುವುದಿಲ್ಲ.

ಒಬ್ಬ ಹುಡುಗ ಟ್ಯಾಂಕಿ ತುಂಬಿದಾಗ ಬಾವಿಯ ಪಂಪ್ ಆಫ್ ಮಾಡುವ ಬೋರ್ಡ್ ತಂದಿದ್ದ. ಬೆಸುಗೆ ತುಂಬಾ ಚೆಂದ ಹಾಕಿದ್ದ. ಆದರೆ ಪಂಪ್ ಆನ್-ಆಫ್ ಮಾಡುವ ಸ್ವಿಚ್ಚು, ಅಂದರೆ ರಿಲೇ, ಎಳೆಯುತ್ತಿರಲಿಲ್ಲ. ಬೋರ್ಡಿನ ಮೇಲೆ ಟ್ರಾನ್ಸಿಸ್ಟರಿನ ಬಗೆ ಎನ್‌ಪಿಎನ್ ಅಂತ ಮಾತ್ರ ಇತ್ತು, ನಂಬರ್ ಇರಲಿಲ್ಲ, ಇವನು 2ಎನ್3904 ಹಾಕಿದ್ದ. ಮಲ್ಟಿಮೀಟರ್ ಹಿಡಿದು ಒಂದೊಂದೇ ಟ್ರ್ಯಾಕ್ ಹುಡುಕಿದೆವು. ಎಡದ ಕಾಲು ರಿಲೇಗೆ, ನಡುವಿನದು ರೆಸಿಸ್ಟರಿಗೆ, ಬಲದ್ದು ಗ್ರೌಂಡಿಗೆ. ಹಾಗಾದರೆ ಡಿಸೈನ್ ಮಾಡಿದವರ ಕೈಯಲ್ಲಿದ್ದದ್ದು ಬಿಸಿ547 ಅಥವಾ ಅದೇ ಜೋಡಣೆಯ ಇನ್ನೊಂದು. ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಹಿಡಿದರೆ ಎಡದಿಂದ ಬಿಸಿ547ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ನೋಡಲು ಎರಡೂ ಒಂದೇ ಥರ! ಉಲ್ಟಾ ಕೂತ ಟ್ರಾನ್ಸಿಸ್ಟರ್ ಪೂರ್ತಿ ಸುಮ್ಮನಿರುವುದಿಲ್ಲ, ಅರೆಬರೆ ಕೆಲಸ ಮಾಡುತ್ತದೆ. ಅದಕ್ಕೇ ದೋಷ ಸಿಗುವುದು ತಡ. 5 ವೋಲ್ಟಿನ ಸಾಮಾನ್ಯ ರಿಲೇ ಕಾಯಿಲಿಗೆ ಸುಮಾರು 70 ಮಿಲಿಆಂಪ್ ಬೇಕು, ಅಷ್ಟು ಅದು ಹರಿಯಬಿಡುವುದಿಲ್ಲ. ತಿರುಗಿಸಿ ಹಾಕಿದೆವು, ರಿಲೇ ಟಕ್ ಎಂದಿತು. ಅವನ ಖುಷಿ ನೋಡಬೇಕಿತ್ತು. ಪಾರ್ಟ್ಸ್ ಪಟ್ಟಿಯ ಒಂದೇ ಒಂದು ಸಾಲು ಇಲ್ಲದೆ ನಮ್ಮಿಬ್ಬರ ಇಡೀ ಮಧ್ಯಾಹ್ನ ಹೋಯಿತಲ್ಲ ಮಾರಾಯ್ರೆ.

ಹಂಚುವುದಾದರೆ ಬೋರ್ಡ್ ಡಿಸೈನ್ ಮಾಡುವ ಸಾಫ್ಟ್‌ವೇರ್ ಕಿಕ್ಯಾಡ್‌ನ ಮೂಲ ಫೈಲುಗಳನ್ನೇ ಹಂಚಿ, ಸರ್ಕ್ಯೂಟ್ ಮತ್ತು ಬೋರ್ಡ್ ಎರಡೂ. ಸಾಫ್ಟ್‌ವೇರ್ ಇಲ್ಲದವರಿಗೆ ಸರ್ಕ್ಯೂಟಿನ ಪಿಡಿಎಫ್ ಇರಲಿ. ಪಾರ್ಟ್ಸ್ ಪಟ್ಟಿಯಲ್ಲಿ ಪೂರ್ತಿ ನಂಬರ್ ಬರೆಯಿರಿ.

ಮೂಲ ಫೈಲಿಗೆ ನಾನು ಇಷ್ಟು ಹಟ ಹಿಡಿಯಲು ಇನ್ನೊಂದು ಕಾರಣ ನಮ್ಮ ಕರಾವಳಿ. ಒಣ ಹವೆಯ ಊರಿನಲ್ಲಿ ವರ್ಷಗಟ್ಟಲೆ ನಡೆದ ಬೋರ್ಡ್ ಮಲ್ಪೆಯ ಉಪ್ಪುಗಾಳಿಯಲ್ಲಿ, ಜುಲೈ ತಿಂಗಳ ತೇವದಲ್ಲಿ ಹಾಗೇ ನಡೆಯುತ್ತದೆ ಎನ್ನಲಾಗದು. ತೇವದಲ್ಲಿ ಕರೆಂಟ್ ಸೋರಬಾರದು ಅಂತ 230 ವೋಲ್ಟಿನ ಟ್ರ್ಯಾಕಿಗೂ ಕಂಟ್ರೋಲ್ ಭಾಗಕ್ಕೂ ನಡುವೆ ನಾನು 6 ಮಿ.ಮೀ.ಗಿಂತ ಕಡಿಮೆ ಬಿಡುವುದಿಲ್ಲ, ಜಾಗವಿದ್ದರೆ ಜಾಸ್ತಿಯೇ ಬಿಡುತ್ತೇನೆ. ಇದು ನನ್ನ ರೂಢಿ, ನಿಮ್ಮ ಬೋರ್ಡಿಗೆ ಇಷ್ಟೇ ಸಾಕು ಎನ್ನಲಾರೆ. ಮೂಲ ಫೈಲ್ ಇದ್ದರೆ ಟ್ರ್ಯಾಕ್ ಸರಿಸಬಹುದು, ನಡುವೆ ಸೀಳು ಕೊಡಬಹುದು. ಗರ್ಬರ್ ಒಂದೇ ಇದ್ದರೆ ಅದು ತಲೆನೋವಿನ ಕೆಲಸ. ಕರೆಂಟ್ ಲೈನಿಗೆ ಕೊಡುವ ಬೋರ್ಡನ್ನು ಬರೀ ಗರ್ಬರ್ ನಂಬಿ ಮಾಡಿಸಬೇಡಿ ಅಂತಲೇ ನಾನು ಹೇಳುವುದು.

ಇನ್ನು ಲೈಸೆನ್ಸ್. ಏನೂ ಬರೆಯದೆ ಹಂಚಿದರೆ ತಿದ್ದಬಹುದೋ, ಮಾಡಿ ಮಾರಬಹುದೋ ತಿಳಿಯದೆ ಮುಂದಿನವರು ಹಿಂಜರಿಯುತ್ತಾರೆ. ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್‌ನ ಓಪನ್ ಹಾರ್ಡ್‌ವೇರ್ ಲೈಸೆನ್ಸ್ 2011ರಿಂದ ಉಂಟು. 2020ರ ಎರಡನೇ ಆವೃತ್ತಿಯಲ್ಲಿ ಮೂರು ಬಗೆ ಇವೆ. ಓದಿ, ನಿಮಗೆ ಒಪ್ಪುವುದರ ಹೆಸರನ್ನು ಫೈಲುಗಳ ಜೊತೆ ಬರೆದಿಡಿ.