ಮೋಡ ಮುಚ್ಚಿದ ತಕ್ಷಣ ಹಕ್ಕಿ ಫೋಟೋ ಯಾಕೆ ಕಲಸಿಹೋಗುತ್ತೆ?

"ಸಾರ್, ದೇವರಾಯನದುರ್ಗಕ್ಕೆ ಹೋಗಿದ್ದೆ, ಬೆಳಗ್ಗೆ ಬಿಸಿಲಲ್ಲಿ ತೆಗೆದಿದ್ದೆಲ್ಲ ಚೆನ್ನಾಗಿ ಬಂತು, ಮೋಡ ಕವಿದ ಮೇಲೆ ಒಂದೂ ಶಾರ್ಪ್ ಇಲ್ಲ, ಲೆನ್ಸ್ ಬದಲಾಯಿಸ್ಬೇಕಾ?"

ಮುಂಗಾರು ಶುರುವಾದ್ರೆ ಸಾಕು ಈ ಪ್ರಶ್ನೆ ಬಂದೇ ಬರುತ್ತೆ, ನನ್ನ ಉತ್ತರಾನೂ ಪ್ರತಿ ಸಲ ಅದೇ. ಲೆನ್ಸ್ ಬೇಡ ಕಣ್ರಿ, ಐಎಸ್‌ಒ (ಸಿಕ್ಕ ಬೆಳಕನ್ನ ಕ್ಯಾಮೆರಾ ಎಷ್ಟು ಹಿಗ್ಗಿಸಿ ತೋರಿಸ್ಬೇಕು ಅನ್ನೋ ನಂಬರ್) ಎಷ್ಟಿತ್ತು ನೋಡಿ. 100 ಅಂತೀರ. ಯಾಕೆ ಏರಿಸ್ಲಿಲ್ಲ ಅಂದ್ರೆ "ಗ್ರೇನ್ಸ್ ಬರುತ್ತಲ್ವಾ ಸಾರ್". ಈ ಗ್ರೇನ್ಸ್ ಭಯ, ಅಂದ್ರೆ ಫೋಟೋ ಮೇಲೆ ಮರಳು ಚೆಲ್ಲಿದ ಹಾಗೆ ಕಾಣೋ ಚುಕ್ಕೆಗಳ ಭಯ, ಯಾರು ತುಂಬಿದ್ರೋ, ಇನ್ನೂ ಬಿಟ್ಟಿಲ್ಲ.

ಲೆಕ್ಕ ಹಾಕಿ. ಒಳ್ಳೆ ಬಿಸಿಲಲ್ಲಿ ಐಎಸ್‌ಒ 100, ಎಫ್ 5.6 (ಲೆನ್ಸ್ ಕಿಂಡಿ ಎಷ್ಟು ತೆರೆದಿದೆ ಅನ್ನೋ ಅಳತೆ) ಇಟ್ರೆ ಶಟರ್ ಸುಮಾರು 1/800 ಸೆಕೆಂಡ್ ಸಿಗುತ್ತೆ, ಕೂತಿರೋ ಪಿಕಳಾರಕ್ಕೆ ಧಾರಾಳ ಸಾಕು. ದಟ್ಟ ಮೋಡ ಬಂತು ಅಂದ್ರೆ ಅದೇ ಸೆಟ್ಟಿಂಗಲ್ಲಿ 1/100ಕ್ಕೆ ಇಳಿಯುತ್ತೆ. ಗಾಳಿಗೆ ಕೊಂಬೆ ಅಲ್ಲಾಡ್ತಿದೆ, ನಿಮ್ಮ ಕೈ ಅಲ್ಲಾಡ್ತಿದೆ, ಹಕ್ಕಿ ಕತ್ತು ತಿರುಗಿಸ್ತಿದೆ, 1/100ರಲ್ಲಿ ಇನ್ನೇನು ಶಾರ್ಪ್ ಬರುತ್ತೆ? ಹಾರೋ ಹಕ್ಕಿಗೆ 1/1600 ಬೇಕು, ಅಂದ್ರೆ ಅದೇ ಮೋಡದ ಬೆಳಕಲ್ಲಿ, ಅದೇ ಎಫ್ 5.6ರಲ್ಲಿ ಐಎಸ್‌ಒನೂ 1600 ಆಗ್ಲೇಬೇಕು. ಇನ್ನು ಕೆಲವರು 100ರಲ್ಲೇ ಕತ್ತಲೆಯಾಗಿ ತೆಗೆದು ಮನೆಗೆ ಬಂದು ಬ್ರೈಟ್‌ನೆಸ್ ಏರಿಸ್ತಾರೆ, ಆಗ ಅದೇ ಗ್ರೇನ್ಸ್ ಬರುತ್ತೆ, ಎಷ್ಟೋ ಕ್ಯಾಮೆರಾಗಳಲ್ಲಿ ಇನ್ನೂ ಜಾಸ್ತಿನೇ ಬರುತ್ತೆ, ಯಾಕಂದ್ರೆ ಗ್ರೇನ್ಸ್ ಹುಟ್ಟೋದು ಬೆಳಕು ಸಾಲದೆ, ಐಎಸ್‌ಒ ಅನ್ನೋ ನಂಬರಿಂದ ಅಲ್ಲ. ಗ್ರೇನ್ಸನ್ನ ಆಮೇಲೆ ಸಾಫ್ಟ್‌ವೇರಲ್ಲಿ ಕಮ್ಮಿ ಮಾಡ್ಬಹುದು, ಅಲ್ಲಾಡಿ ಕಲಸಿಹೋದ ಹಕ್ಕಿ ಕಣ್ಣನ್ನ ಪೂರ್ತಿ ಸರಿ ಮಾಡೋಕಾಗಲ್ಲ. ನಮ್ಮನೆ ಹಾಲಲ್ಲಿರೋ ಮಿಂಚುಳ್ಳಿ ಫೋಟೋ 3200ರಲ್ಲಿ ತೆಗೆದದ್ದು, ಬಂದವರೆಲ್ಲ ನೀಲಿ ಬಣ್ಣ ನೋಡ್ತಾರೆ, ಗ್ರೇನ್ಸ್ ಬಗ್ಗೆ ಇವತ್ತಿನವರೆಗೂ ಒಬ್ರೂ ಕೇಳಿಲ್ಲ.

ಮೋಡ-ಬಿಸಿಲು ಆಟ ಆಡೋ ದಿನ ಕ್ಯಾಮೆರಾದ ಎಂ (ಮ್ಯಾನುಯಲ್) ಮೋಡ್‌ನಲ್ಲಿ ಶಟರ್ ನೀವಿಟ್ಕೊಳ್ಳಿ, ಐಎಸ್‌ಒ ಆಟೋಗೆ ಬಿಡಿ, ಮಿತಿ 6400. ಬಿಳಿ ಆಕಾಶದ ಮುಂದೆ ಕಾಜಾಣ ಕೂತಿದ್ರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಲೆಕ್ಕಕ್ಕಿಂತ ಫೋಟೋ ಬೆಳಕು ಹೆಚ್ಚು-ಕಮ್ಮಿ ಮಾಡೋ ಸೆಟ್ಟಿಂಗ್) +1 ಮಾಡಿ, ಇಲ್ಲಾಂದ್ರೆ ಬರೀ ಕರಿ ನೆರಳು. ಬಿಸಿಲು ಬಂದ ತಕ್ಷಣ ಮರೀದೆ ವಾಪಸ್ ಸೊನ್ನೆಗೆ ತನ್ನಿ, ಇಲ್ಲಾಂದ್ರೆ ಬೆಳ್ಳಕ್ಕಿಯ ಗರಿ ಒಂದೂ ಕಾಣದ ಹಾಗೆ ಸುಟ್ಟುಹೋಗುತ್ತೆ.

ಯಾರೂ ಕೇಳದ ಇನ್ನೊಂದು ವಿಷಯ ಇದೆ, ಆದ್ರೂ ಹೇಳ್ತೀನಿ. ಸಿರಾ ತಾಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೇನೇ ಬಣ್ಣದ ಕೊಕ್ಕರೆ, ಬೂದು ಬಕ ಗೂಡು ಕಟ್ತವೆ. ಬಿಸಿಲು ಜೋರಾದಾಗ ದೊಡ್ಡ ಕೊಕ್ಕರೆ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿದು ನಿಲ್ಲುತ್ತೆ. ಅಂಥ ಹೊತ್ತಲ್ಲಿ ಹಾರೋ ಫೋಟೋ ಬೇಕು ಅಂತ ಚಪ್ಪಾಳೆ ಹೊಡೆಯೋರನ್ನ ನೋಡಿ ನನಗೆ ಸಂಕಟ ಆಗಿದೆ. ದಯವಿಟ್ಟು ಬೇಡ. ಅದು ಎದ್ದುಹೋದ್ರೆ ಮರಿ ಬಿಸಿಲಿಗೆ ಬೀಳುತ್ತೆ, ಕಾಗೆ ಹದ್ದು ಕಾಯ್ತಾನೇ ಇರ್ತವೆ. ರಸ್ತೆ ಬದೀಲಿ ಸುಮ್ನೆ ನಿಂತ್ಕೊಳ್ಳಿ, ಮೀನು ತರೋಕೆ ಹೋದ ಇನ್ನೊಂದು ಕೊಕ್ಕರೆ ಹೇಗಿದ್ರೂ ಗೂಡಿಗೆ ಹಾರ್ಕೊಂಡು ಬರುತ್ತೆ, ಅಷ್ಟರಲ್ಲಿ ಶಟರ್ 1/1600ಕ್ಕೆ ಇಟ್ಕೊಂಡಿರಿ.